ಸಾಂಬ್ರಾಕ್ಕೆ ಹೋಗುವ ಮೊದಲು ಕಾಲು ತಯಾರಿರಲಿ

ವಾಯುಪಡೆಯ ಅಗ್ನಿವೀರವಾಯು ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತೆಂದರೆ ನಮ್ಮ ಬೀದರ, ಕಲಬುರಗಿ, ಯಾದಗಿರಿ ಕಡೆಯ ಹುಡುಗರು ಮೊದಲು ಬಿಡುವುದು ಓಟವನ್ನು. ಫಿಸಿಕಲ್ ಪಾಸಾಯಿತು, ಮೆಡಿಕಲ್ ಮುಗಿಯಿತು, ಇನ್ನು ಹೋಗುವುದೊಂದೇ ಬಾಕಿ ಎಂಬ ಭಾವನೆ. ಆದರೆ ಫಿಸಿಕಲ್‌ನಲ್ಲಿ ಓಟದ ಪರೀಕ್ಷೆ ಏಳು ನಿಮಿಷದ್ದು. ಬೆಳಗಾವಿ ಹತ್ತಿರದ ಸಾಂಬ್ರಾದಲ್ಲಿರುವ ಏರ್‌ಮೆನ್ ಟ್ರೇನಿಂಗ್ ಸ್ಕೂಲ್‌ನಲ್ಲಿ ತಿಂಗಳುಗಟ್ಟಲೆ ನಸುಕಿನಿಂದ ರಾತ್ರಿಯವರೆಗೆ ಕಾಲಿನ ಮೇಲೇ ಇರಬೇಕು: ಪಿ.ಟಿ., ಪರೇಡು, ಕ್ಲಾಸಿಗೆ ಸಾಲಿನಲ್ಲಿ ನಡಿಗೆ, ಮತ್ತೆ ಆಟ. ಅಲ್ಲಿ ಮೊದಲ ವಾರಗಳಲ್ಲಿ ಹಿಂದೆ ಬೀಳುವವರು ಉಸಿರು ಸಾಲದೆ ಬೀಳುವುದು ಕಡಿಮೆ. ಹಿಮ್ಮಡಿಯ ಬೊಬ್ಬೆ, ಮೊಣಕಾಲ ಕೆಳಗಿನ ಎಲುಬಿನ ನೋವು, ನಿದ್ದೆಗೆಟ್ಟ ತಲೆ, ಈ ಮೂರರಿಂದಲೇ ಹೆಚ್ಚು. ಆದ್ದರಿಂದ ಕಾಲ್ ಲೆಟರ್‌ಗೆ ಕಾಯುವ ತಿಂಗಳುಗಳಲ್ಲಿ ನಾನು ವೇಗಕ್ಕಿಂತ ಕಾಲನ್ನು ಗಟ್ಟಿ ಮಾಡುವುದಕ್ಕೆ ಹೆಚ್ಚು ಸಮಯ ಕೊಟ್ಟೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಬೀದರ ಸುತ್ತಮುತ್ತಲಿನ ಹುಡುಗರು ಹಾಕ್ ತರಬೇತಿ ವಿಮಾನದ ಸದ್ದು ಕೇಳುತ್ತ, ವಾಯುಪಡೆಯ ಸೂರ್ಯಕಿರಣ ಪ್ರದರ್ಶನ ತಂಡದ ಹಾರಾಟ ನೋಡುತ್ತ ಬೆಳೆದಿರುತ್ತಾರೆ. ತರಬೇತಿಯೂ ಅಲ್ಲೇ ಎಂದು ಕೆಲವರು ತಿಳಿದಿರುತ್ತಾರೆ. ಬೀದರ ವಾಯುಪಡೆ ಸ್ಟೇಷನ್‌ನಲ್ಲಿ ನಡೆಯುವುದು ಪೈಲಟ್‌ಗಳ ತರಬೇತಿ. ಅಗ್ನಿವೀರವಾಯುಗಳ ಮೂಲ ತರಬೇತಿ ಬೆಳಗಾವಿಯಲ್ಲಿ. ಅಲ್ಲಿಯ ಹವೆ ಬೇರೆ, ಮಳೆ ಬೇರೆ. ಇದು ತಯಾರಿಗೆ ಹೇಗೆ ಸಂಬಂಧಿಸಿದ್ದು ಎಂದು ಮುಂದೆ ಹೇಳುತ್ತೇನೆ.

ಓಟದ ಲೆಕ್ಕ ಹೀಗಿದೆ. ಫಿಸಿಕಲ್‌ನಲ್ಲಿ 1.6 ಕಿ.ಮೀ. ಓಟಕ್ಕೆ ಹುಡುಗರಿಗೆ 7 ನಿಮಿಷ, ಹುಡುಗಿಯರಿಗೆ 8 ನಿಮಿಷ. 400 ಮೀಟರ್ ಟ್ರ್ಯಾಕ್‌ನಲ್ಲಿ ಅದು ನಾಲ್ಕು ಸುತ್ತು. ಹುಡುಗರಿಗೆ ಸುತ್ತಿಗೆ 1 ನಿಮಿಷ 45 ಸೆಕೆಂಡು, ಹುಡುಗಿಯರಿಗೆ 2 ನಿಮಿಷ. ಸ್ವಲ್ಪ ಬಿಡುವಿನ ನಂತರ ಹುಡುಗರಿಗೆ ಒಂದೊಂದು ನಿಮಿಷದಲ್ಲಿ 10 ಪುಷ್ ಅಪ್, 10 ಸಿಟ್ ಅಪ್, 20 ಸ್ಕ್ವಾಟ್. ತರಬೇತಿಗೆ ಹೋಗುವವರು ಇಷ್ಟಕ್ಕೇ ನಿಲ್ಲಬಾರದು. ಸುತ್ತಿಗೆ 1 ನಿಮಿಷ 35 ಸೆಕೆಂಡಿನಂತೆ 6 ನಿಮಿಷ 20 ಸೆಕೆಂಡಿಗೆ ಓಡಿ ಮುಗಿಸಿ, ಐದು ನಿಮಿಷದೊಳಗೆ ಮಾತು ಸರಾಗವಾಗಿ ಬರುವಂತಿರಬೇಕು. ಪುಷ್ ಅಪ್ 30, ಸಿಟ್ ಅಪ್ 35 ತಪ್ಪಿಲ್ಲದೆ ಬರಬೇಕು. ತಪ್ಪಿಲ್ಲದೆ ಎಂದರೆ ಎದೆ ನೆಲದಿಂದ ಒಂದು ಮುಷ್ಟಿ ಎತ್ತರಕ್ಕೆ ಇಳಿಯಬೇಕು, ಸೊಂಟ ಜೋತು ಬೀಳಬಾರದು, ಮೇಲೆ ಬಂದಾಗ ಮೊಣಕೈ ಪೂರ್ತಿ ನೇರವಾಗಬೇಕು. ಅರ್ಧಂಬರ್ಧ ಇಳಿದದ್ದನ್ನು ಎಣಿಸುವುದಿಲ್ಲ. ಒಂದೇ ಸಲ 30 ತೆಗೆಯಲು ಹೋಗಿ ಭುಜ ನೋಯಿಸಿಕೊಳ್ಳುವ ಬದಲು ದಿನದಲ್ಲಿ ಐದು ಹೊತ್ತು 8ರಂತೆ ಶುರು ಮಾಡಿ, ವಾರಕ್ಕೊಂದು ಏರಿಸಿದರೆ ಸಾಕು.

ವಾರದಲ್ಲಿ ನಾಲ್ಕು ದಿನ ಓಟ, ಎರಡು ದಿನ ನಡಿಗೆ ಮತ್ತು ವ್ಯಾಯಾಮ, ಒಂದು ದಿನ ಪೂರ್ತಿ ಬಿಡುವು. ನಾಲ್ಕರಲ್ಲಿ ಮೂರು ದಿನದ ಓಟ ಪಕ್ಕದವನ ಜತೆ ಮಾತಾಡುತ್ತ ಓಡಬಹುದಾದಷ್ಟು ನಿಧಾನ: ಮೊದಲು 20 ನಿಮಿಷ, ಮೂರು ತಿಂಗಳಲ್ಲಿ 40 ನಿಮಿಷದವರೆಗೆ. ಒಂದೇ ದಿನ ವೇಗದ ಓಟ: 400 ಮೀಟರಿನ ಆರು ಸುತ್ತು, ಪ್ರತಿ ಸುತ್ತು 1 ನಿಮಿಷ 35 ಸೆಕೆಂಡಿಗೆ, ನಡುವೆ ಎರಡು ನಿಮಿಷ ನಡಿಗೆ. ಕೊನೆಯ ಸುತ್ತು ಮೊದಲನೆಯದಕ್ಕಿಂತ ನಿಧಾನವಾದರೆ ಆರಂಭದಲ್ಲೇ ಜೋರು ಮಾಡಿದ್ದೀರಿ ಎಂದರ್ಥ. ವಾರದ ಒಟ್ಟು ದೂರವನ್ನು ಹಿಂದಿನ ವಾರಕ್ಕಿಂತ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಸಬೇಡಿ. ದಿನಾ ಮೈದಾನಕ್ಕೆ ಬಂದು ದಿನಾ ಟೈಮ್ ಹಚ್ಚಿ ಓಡುವುದು ನಮ್ಮಲ್ಲಿ ಬಹಳ. ಶಿನ್ ಪೇನ್, ಅಂದರೆ ಮೊಣಕಾಲ ಕೆಳಗಿನ ಎಲುಬಿನ ನೋವು, ಬರುವುದು ಬಹುಪಾಲು ಆ ಚಟದಿಂದಲೇ.

ಎಲ್ಲಿ ಓಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಕಲಬುರಗಿ, ಯಾದಗಿರಿಯ ಎರೆ ಹೊಲ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ. ನಸುಕಿನ ಕತ್ತಲಲ್ಲಿ ಆ ಬಿರುಕಿನಲ್ಲಿ ಹೆಜ್ಜೆ ಇಟ್ಟರೆ ಕಾಲು ಉಳುಕಿತೆಂದೇ ತಿಳಿಯಿರಿ. ಮಳೆಗಾಲದಲ್ಲಿ ಅದೇ ಮಣ್ಣು ಶೂಸಿಗೆ ಹೆಂಟೆಗಟ್ಟಲೆ ಅಂಟಿಕೊಂಡು ಹೆಜ್ಜೆಯನ್ನೇ ಕೆಡಿಸುತ್ತದೆ. ಸಿ.ಸಿ. (ಕಾಂಕ್ರೀಟ್) ರಸ್ತೆ ಎಲ್ಲಕ್ಕಿಂತ ಕೆಟ್ಟದ್ದು, ಹೊಡೆತವೆಲ್ಲ ನೇರ ಎಲುಬಿಗೆ. ಡಾಂಬರು ರಸ್ತೆಯ ಅಂಚು ಇಳಿಜಾರಾಗಿರುತ್ತದೆ. ಯಾವಾಗಲೂ ಒಂದೇ ದಿಕ್ಕಿಗೆ ಓಡಿದರೆ ಒಂದೇ ಕಾಲಿಗೆ ಭಾರ ಬೀಳುತ್ತದೆ. ಗರಸು ಹಾಕಿದ ಶಾಲಾ ಮೈದಾನ ಸಿಕ್ಕರೆ ಅದೇ ಒಳ್ಳೆಯದು. ಕಲಬುರಗಿಯವರಿಗೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣ, ಬೀದರದವರಿಗೆ ನೆಹರೂ ಕ್ರೀಡಾಂಗಣ ಇದೆ. ಬೀದರದ ಕೆಂಪು ಮಣ್ಣು ಮಳೆ ನಿಂತ ಮೇಲೆ ಬೇಗ ಆರುತ್ತದೆ, ಎರೆ ಮಣ್ಣಿನ ನಮಗೆ ಆ ಅನುಕೂಲ ಇಲ್ಲ. ಸುತ್ತು ಹಾಕುವಾಗ ಅರ್ಧ ಓಟವನ್ನು ವಿರುದ್ಧ ದಿಕ್ಕಿನಲ್ಲಿ ಓಡಿ.

ನೋವಿನಲ್ಲಿ ಎರಡು ಬಗೆ ಇದೆ, ಅದನ್ನು ಗುರುತಿಸಲು ಕಲಿಯಬೇಕು. ಮೊಣಕಾಲ ಕೆಳಗಿನ ಎಲುಬಿನ ಒಳಮಗ್ಗುಲಿಗೆ ನಾಲ್ಕು ಬೆರಳಿನ ಅಗಲಕ್ಕಿಂತ ಹೆಚ್ಚು ಉದ್ದಕ್ಕೆ ಹರಡಿದ ನೋವು, ಓಡುತ್ತ ಬಿಸಿಯಾದಂತೆ ಕಡಿಮೆಯಾಗುವಂಥದ್ದು, ಶಿನ್ ಪೇನ್. ಒಂದು ವಾರ ಓಟ ಅರ್ಧಕ್ಕೆ ಇಳಿಸಿ, ವೇಗದ ಓಟ ಪೂರ್ತಿ ಬಿಟ್ಟು, ಓಡಿದ ಮೇಲೆ ಹದಿನೈದು ನಿಮಿಷ ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಇನ್ನೊಂದು, ಎಲುಬಿನ ಮೇಲೆ ಒಂದೇ ಬೆರಳಿನಿಂದ ಒತ್ತಿ ತೋರಿಸಬಹುದಾದ ಒಂದೇ ಜಾಗದ ನೋವು. ಓಡಿದಷ್ಟೂ ಹೆಚ್ಚುತ್ತದೆ, ರಾತ್ರಿ ಮಲಗಿದಾಗಲೂ ಇರುತ್ತದೆ. ಅದು ಎಲುಬಿನ ಸಣ್ಣ ಬಿರುಕು ಇರಬಹುದು. ಅವತ್ತೇ ಓಟ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು, ಹಾಗಾಗಿ ಎಕ್ಸ್‌ರೇ ಸರಿಯಿದೆ ಎಂದು ಮತ್ತೆ ಓಡಲು ಹೋಗಬೇಡಿ. ನೋವಿನ ಗುಳಿಗೆ ನುಂಗಿ ಓಡುವುದಂತೂ ಬೇಡವೇ ಬೇಡ.

ನೋವು ಬರುವ ಮೊದಲೇ ತಡೆಯಲು ನಾನು ಬಿಡದೆ ಮಾಡಿದ್ದು ಮೆಟ್ಟಿಲಿನ ವ್ಯಾಯಾಮ. ಮೆಟ್ಟಿಲಿನ ಅಂಚಿಗೆ ಬರೀ ಮುಂಗಾಲು ಇಟ್ಟು, ಗೋಡೆ ಹಿಡಿದು, ಎರಡೂ ಕಾಲಲ್ಲಿ ಮೇಲೆದ್ದು, ಒಂದೇ ಕಾಲಲ್ಲಿ ಮೂರು ಎಣಿಸುವಷ್ಟು ನಿಧಾನವಾಗಿ ಹಿಮ್ಮಡಿಯನ್ನು ಕೆಳಗಿಳಿಸುವುದು. ಪ್ರತಿ ಕಾಲಿಗೆ 15, ಮೂರು ಸಲ. ಆಮೇಲೆ ಅಂಗಳದಲ್ಲಿ ಬರಿಗಾಲಲ್ಲಿ ಹಿಮ್ಮಡಿ ಮೇಲೆ 30 ಹೆಜ್ಜೆ, ತುದಿಗಾಲ ಮೇಲೆ 30 ಹೆಜ್ಜೆ. ಹತ್ತು ನಿಮಿಷದ ಕೆಲಸ, ಮನೆಯಲ್ಲೇ ಆಗುತ್ತದೆ.

ಇನ್ನು ಬೂಟು. ಹಗಲೆಲ್ಲ ಚಪ್ಪಲಿ ಹಾಕಿದ ಕಾಲಿಗೆ ಒಮ್ಮೆಲೇ ಚರ್ಮದ ಬೂಟು ಬಿದ್ದರೆ ಮೂರನೇ ದಿನಕ್ಕೆ ಹಿಮ್ಮಡಿ ಸುಲಿಯುತ್ತದೆ. ಎರಡು ತಿಂಗಳು ಮೊದಲೇ ಒಂದು ಜತೆ ಲೇಸಿನ ಚರ್ಮದ ಬೂಟು ಹಾಕಿ ದಿನಾ ಅರ್ಧ ಗಂಟೆಯಿಂದ ಶುರು ಮಾಡಿ, ಎರಡು ಗಂಟೆ ನಡೆಯುವವರೆಗೆ ಏರಿಸಿ. ಬೂಟಿನ ಅಳತೆ ಸಂಜೆ ನೋಡಬೇಕು, ಬೆಳಗ್ಗೆಗಿಂತ ಸಂಜೆಗೆ ಪಾದ ಸ್ವಲ್ಪ ಉಬ್ಬಿರುತ್ತದೆ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಕಾಲ್ಚೀಲ ಎರಡು: ಒಳಗೆ ತೆಳ್ಳನೆಯ ನೈಲಾನಿನದು, ಮೇಲೆ ದಪ್ಪನೆಯದು. ಎರಡು ಕಾಲ್ಚೀಲ ಒಂದಕ್ಕೊಂದು ಉಜ್ಜಿಕೊಂಡರೆ ಚರ್ಮಕ್ಕೆ ಉಜ್ಜು ತಪ್ಪುತ್ತದೆ. ಬರೀ ಹತ್ತಿಯದು ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ, ಒದ್ದೆ ಚರ್ಮ ಬೇಗ ಏಳುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿ. ಮೂಲೆ ದುಂಡಗೆ ಮಾಡಿದರೆ ಒಳಗೆ ಬೆಳೆದು ಚುಚ್ಚುತ್ತದೆ.

ಬೊಬ್ಬೆಗೆ ಮೊದಲು ಆ ಜಾಗ ಸುಡಲು ಶುರುವಾಗುತ್ತದೆ. ಆ ಕ್ಷಣಕ್ಕೆ ನಿಂತು ಟೇಪು ಹಚ್ಚಿದರೆ ಬೊಬ್ಬೆ ಏಳುವುದಿಲ್ಲ. ಎದ್ದರೆ ಚರ್ಮ ಕೀಳಬೇಡಿ. ಸಣ್ಣದಾದರೆ ಹಾಗೇ ಬಿಡಿ. ನಡೆಯಲು ಆಗದಷ್ಟು ದೊಡ್ಡದಾದರೆ ಸೋಪಿನಿಂದ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ, ನೀರು ಒತ್ತಿ ತೆಗೆದು, ಮೇಲಿನ ಚರ್ಮವನ್ನು ಹಾಗೇ ಉಳಿಸಿ ಮುಚ್ಚಿ. ಬೆಳಗಾವಿಯ ಮಳೆ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆ ತೊಳೆದ ಕಾಲ್ಚೀಲ ಮಧ್ಯಾಹ್ನಕ್ಕೇ ಒಣಗುತ್ತದೆ. ಅಲ್ಲಿ ಜುಲೈಯಲ್ಲಿ ಎರಡು ಮೂರು ದಿನವಾದರೂ ಒಣಗದು. ಒದ್ದೆ ಕಾಲ್ಚೀಲದಿಂದ ಬೆರಳ ಸಂದಿ ಬೆಳ್ಳಗಾಗಿ ನವೆ, ಹುಳುಕು ಶುರುವಾಗುತ್ತದೆ. ಆರೇಳು ಜತೆ ಕಾಲ್ಚೀಲ ಇಟ್ಟುಕೊಳ್ಳಿ, ರಾತ್ರಿ ಬೆರಳ ಸಂದಿ ಒಂದೊಂದಾಗಿ ಒರೆಸಿ ಪೌಡರ್ ಹಾಕುವ ರೂಢಿಯನ್ನು ಈಗಲೇ ಮಾಡಿಕೊಳ್ಳಿ.

ಬೇಸಿಗೆಯಲ್ಲಿ ತಯಾರಿ ಮಾಡುವವರು 5ಕ್ಕೆ ಮೈದಾನದಲ್ಲಿರಬೇಕು, ಆರೂವರೆಗೆ ಮುಗಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ದಾಟುತ್ತದೆ. ಸಂಜೆ 5ಕ್ಕೂ ನೆಲ ಕಾದೇ ಇರುತ್ತದೆ. ಓ.ಆರ್.ಎಸ್. ಪಾಕೀಟನ್ನು ಒಂದು ಲೀಟರ್ ನೀರಿಗೇ ಕಲಸಬೇಕು. ಒಂದು ಲೋಟಕ್ಕೆ ಪೂರ್ತಿ ಪಾಕೀಟು ಸುರಿದು ಕುಡಿದರೆ ಉಪ್ಪು ಹೆಚ್ಚಾಗಿ ದಾಹ, ವಾಂತಿ ಬರುತ್ತದೆ. ಪಾಕೀಟು ಇಲ್ಲದಿದ್ದರೆ ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ಮಜ್ಜಿಗೆಯೂ ನಡೆಯುತ್ತದೆ. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ. ಕಡು ಹಳದಿ ಆದ ದಿನ ವೇಗದ ಓಟ ಬೇಡ. ಓಡುತ್ತಿದ್ದವನ ಮಾತು ತೊದಲಿದರೆ, ದಿಕ್ಕು ತಪ್ಪಿದರೆ ತಕ್ಷಣ ನೆರಳಿಗೆ ಹಾಕಿ, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಒಯ್ಯಿರಿ.

ಡ್ರಿಲ್ ಅಲ್ಲೇ ಕಲಿಸುತ್ತಾರೆ, ನಿಜ. ಎನ್‌ಸಿಸಿ ಮಾಡಿದವರಿಗೆ ಅರ್ಧ ಕೆಲಸ ಆಗಿರುತ್ತದೆ. ಮಾಡದವರು ನಿಲ್ಲುವುದನ್ನಾದರೂ ಕಲಿತು ಹೋಗಿ. ಸಾವಧಾನ್‌ನಲ್ಲಿ (ನೆಟ್ಟಗೆ ಅಲ್ಲಾಡದೆ ನಿಲ್ಲುವಾಗ) ಹಿಮ್ಮಡಿ ಕೂಡಿರಬೇಕು, ಮುಂಗಾಲುಗಳ ನಡುವೆ 30 ಡಿಗ್ರಿ ಕೋನ, ಮುಷ್ಟಿ ಹಗುರಾಗಿ ಮುಚ್ಚಿ ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ತಾಗಿರಬೇಕು. ವಿಶ್ರಾಮ್‌ನಲ್ಲಿ (ಕಾಲು ಅಗಲಿಸಿ ನಿಲ್ಲುವಾಗ) ಕಾಲುಗಳ ನಡುವೆ 12 ಇಂಚು. ತೇಜ್ ಚಲ್‌ನಲ್ಲಿ (ಪರೇಡಿನ ಚುರುಕು ನಡಿಗೆಯಲ್ಲಿ) ಹೆಜ್ಜೆ 30 ಇಂಚು, ನಿಮಿಷಕ್ಕೆ 120 ಹೆಜ್ಜೆ. ಹೊಸಬರಲ್ಲಿ ಹಲವರಿಗೆ ಎಡಗಾಲಿನ ಜತೆ ಎಡಗೈಯೇ ಮುಂದೆ ಬರುತ್ತದೆ. ಕೈಯ ಬಗ್ಗೆ ಯೋಚಿಸಿದಷ್ಟೂ ಅದು ಹೆಚ್ಚು. ಸುಮ್ಮನೆ ನಡೆಯುತ್ತ ಹೋಗಿ ನಿಧಾನವಾಗಿ ಕೈ ಎತ್ತರಿಸಿದರೆ ಸರಿಹೋಗುತ್ತದೆ. ಪರೇಡಿನಲ್ಲಿ ಕುಸಿದು ಬೀಳುವುದಕ್ಕೆ ಕಾರಣ ಬಹುಮಟ್ಟಿಗೆ ಮೊಣಕಾಲನ್ನು ಹಿಂದಕ್ಕೆ ಬಿಗಿದು ನಿಲ್ಲುವುದು ಮತ್ತು ಖಾಲಿ ಹೊಟ್ಟೆ. ರಕ್ತ ಕಾಲಲ್ಲೇ ನಿಂತು ತಲೆಗೆ ಕಡಿಮೆಯಾಗುತ್ತದೆ. ಹೊರಗೆ ಕಾಣದಂತೆ ಬೂಟಿನೊಳಗೆ ಬೆರಳು ಮಡಚಿ ಬಿಡುತ್ತಿರಿ, ಮೀನಖಂಡ ಬಿಗಿದು ಸಡಿಲಿಸುತ್ತಿರಿ. ಮನೆಯಲ್ಲಿ ಗೋಡೆಗೆ ಬೆನ್ನು ತಾಗದಂತೆ 20 ನಿಮಿಷ ಅಲ್ಲಾಡದೆ ನಿಲ್ಲುವ ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ.

ಕಮಾಂಡು ಎಲ್ಲ ಹಿಂದಿಯಲ್ಲಿ. ನಮ್ಮ ಮೂರೂ ಜಿಲ್ಲೆಯಲ್ಲಿ ದಖನಿ ಉರ್ದು ಕಿವಿಗೆ ಬಿದ್ದೇ ಬೆಳೆಯುವುದರಿಂದ ಮಾತು ತಿಳಿಯುವುದು ಕಷ್ಟವಲ್ಲ. ತೊಡಕು ಎಣಿಕೆಯಲ್ಲಿ. ಸಾಲಿನಲ್ಲಿ ಗಿನತಿ ಹೇಳುವಾಗ ನಿಮ್ಮ ಪಾಳಿ 'ಉನತೀಸ್' ಇದ್ದು ನೀವು ತಡವರಿಸಿದರೆ ಇಡೀ ಸಾಲು ಮತ್ತೆ ಒಂದರಿಂದ ಹೇಳಬೇಕು. ಉನ್ನೀಸ್, ಉನತೀಸ್, ಉನತಾಲೀಸ್, ಉನಚಾಸ್, ಈ ಒಂಬತ್ತರ ಸಾಲೇ ಹೆಚ್ಚು ಜನರಿಗೆ ಎಡವಟ್ಟು. ನೂರರವರೆಗೆ ಹಿಂದೆ ಮುಂದೆ ಬಾಯಿಪಾಠ ಆಗಿರಲಿ.

ಬೂಟ್ ಪಾಲಿಶ್ ಕೈಗೆ ಹತ್ತಲು ಸಮಯ ಬೇಕು, ಹಾಗಾಗಿ ಮನೆಯಲ್ಲೇ ಕಲಿಯಿರಿ. ಮೊದಲು ಬ್ರಷ್‌ನಿಂದ ಹೊಲಿಗೆಯ ಸಂದಿಯ ಧೂಳು ತೆಗೆಯಬೇಕು. ಧೂಳು ಉಳಿದರೆ ಹೊಳಪಿನ ಕೆಳಗೆ ಗೀರು ಬೀಳುತ್ತದೆ. ಹಳೆಯ ಮೆತ್ತನೆ ಬನಿಯನ್ ಬಟ್ಟೆಯನ್ನು ತೋರುಬೆರಳಿಗೆ ನೆರಿಗೆ ಇಲ್ಲದಂತೆ ಬಿಗಿದು ಸುತ್ತಿ, ತುದಿಗೆ ತಾಗಿದಷ್ಟೇ ಪಾಲಿಶ್ ತೆಗೆದು ಬೂಟಿನ ಮೂತಿಗೆ ಸಣ್ಣ ಸಣ್ಣ ಸುತ್ತಿನಲ್ಲಿ ತಿಕ್ಕಿ. ಹತ್ತು ನಿಮಿಷ ಆರಲು ಬಿಡಿ. ಮುಂದಿನ ಪದರಕ್ಕೆ ಬಟ್ಟೆಗೆ ಎರಡು ಹನಿ ತಣ್ಣೀರು. ಮೊದಲು ಮಂಕಾಗಿ ಕಾಣುತ್ತದೆ, ತಿಕ್ಕುತ್ತ ಹೋದಂತೆ ಬಟ್ಟೆ ಜಾರಲು ಶುರುವಾಗುತ್ತದೆ. ಬಟ್ಟೆ ಜಾರಿತೆಂದರೆ ಆ ಪದರ ಮುಗಿಯಿತು. ಹೀಗೆ ಏಳೆಂಟು ಪದರ. ದಪ್ಪಗೆ ಬಳಿದು ಬೇಗ ಮುಗಿಸಲು ನೋಡಿದರೆ ಬೂಟು ಮಡಚುವ ಜಾಗದಲ್ಲಿ ಪಾಲಿಶ್ ಬಿರುಕು ಬಿಟ್ಟು ಉದುರುತ್ತದೆ. ಆದ್ದರಿಂದ ಮೂತಿ, ಹಿಮ್ಮಡಿಗೆ ಮಾತ್ರ ಪದರ. ಮಡಚುವಲ್ಲಿ ತೆಳ್ಳಗೆ ಬ್ರಷ್ ಸಾಕು.

ಇಸ್ತ್ರಿ, ಗುಂಡಿ ಹಚ್ಚುವುದು, ಹರಿದದ್ದು ಹೊಲಿಯುವುದು, ಬಟ್ಟೆ ಕೈಯಲ್ಲಿ ಒಗೆಯುವುದು ಇವೆಲ್ಲ ಮನೆಯಲ್ಲಿ ಅವ್ವ, ಅಕ್ಕ ಮಾಡಿಕೊಡುವ ಕೆಲಸ. ಒಂದು ತಿಂಗಳು ನಿಮ್ಮದನ್ನು ನೀವೇ ಮಾಡಿಕೊಳ್ಳಿ. ದಿನಾ ಗಡ್ಡ ತೆಗೆಯುವುದನ್ನೂ ಆಗಲೇ ಶುರು ಮಾಡಿ. ವಾರಕ್ಕೊಮ್ಮೆ ತೆಗೆದ ಮುಖಕ್ಕೆ ದಿನಾ ಬ್ಲೇಡು ತಾಗಿದರೆ ಗುಳ್ಳೆ ಏಳುತ್ತವೆ. ಕೂದಲು ಬೆಳೆದ ದಿಕ್ಕಿಗೇ ಎಳೆದರೆ ಚರ್ಮ ಒಗ್ಗಿಕೊಳ್ಳುತ್ತದೆ.

ಊಟ ಬದಲಿಸುವುದಕ್ಕಿಂತ ಊಟದ ಹೊತ್ತು ಬದಲಿಸುವುದು ದೊಡ್ಡ ಕೆಲಸ. ಬೆಳಗ್ಗೆ ಚಹಾ ಕುಡಿದು ಹನ್ನೊಂದಕ್ಕೆ ರೊಟ್ಟಿ ಉಣ್ಣುವ ರೂಢಿ ಇದ್ದರೆ ಅಲ್ಲಿ ಬೆಳಗಿನ ನಾಷ್ಟಾ ಗಂಟಲಲ್ಲಿ ಇಳಿಯುವುದಿಲ್ಲ, ಪರೇಡಿನಲ್ಲಿ ಕಣ್ಣು ಕತ್ತಲೆ ಬರುತ್ತದೆ. ಎಂಟರೊಳಗೆ ಹೊಟ್ಟೆತುಂಬ ತಿನ್ನಲು ಕಲಿಯಿರಿ, ಹದಿನೈದು ನಿಮಿಷದಲ್ಲಿ ಮುಗಿಸಿ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಒಳ್ಳೆಯ ಆಹಾರವೇ, ಅದನ್ನು ಬಿಟ್ಟು ಡಬ್ಬಿ ಪ್ರೋಟೀನಿಗೆ ದುಡ್ಡು ಸುರಿಯುವ ಅಗತ್ಯ ಕಾಣೆ. ಊಟದ ಜತೆಗೇ ಚಹಾ ಮಾತ್ರ ಬೇಡ, ಸೊಪ್ಪಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕೊನೆಯ ತಿಂಗಳು ಚಪಾತಿ, ಅನ್ನವೂ ಹೊಟ್ಟೆಗೆ ರೂಢಿಯಾಗಲಿ. ಗುಟಕಾ ಇದ್ದರೆ ಇವತ್ತೇ ಬಿಡಿ.

ರಾತ್ರಿ ಒಂಬತ್ತೂವರೆಗೆ ಫೋನು ಬೇರೆ ಕೋಣೆಯಲ್ಲಿ, ನಾಲ್ಕೂವರೆಗೆ ಎಚ್ಚರ. ಏಳುವ ಹೊತ್ತನ್ನು ವಾರಕ್ಕೆ 20 ನಿಮಿಷ ಹಿಂದೆ ಸರಿಸುತ್ತ ಬಂದರೆ ಮೈ ಒಪ್ಪುತ್ತದೆ.

ಕಾಗದಪತ್ರದಲ್ಲಿ ತೊಂದರೆ ಕೊಡುವುದು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು ನಡುವೆ, ಆಧಾರಿನಲ್ಲಿ ಅಡ್ಡಹೆಸರು ಮೊದಲು ಇದ್ದರೆ ಈಗಲೇ ತಿದ್ದಿಸಿ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ, ಅದು ರಾಜ್ಯದ ನೇಮಕಾತಿ ಮತ್ತು ಪ್ರವೇಶಕ್ಕೆ ಮಾತ್ರ.

ಹೊರಡುವ ಹತ್ತು ದಿನ ಮೊದಲು ಓಟವನ್ನು ಅರ್ಧಕ್ಕೆ ಇಳಿಸಿ, ವೇಗದ ಓಟ ಒಂದೇ ಸಲ, ಅದೂ ಮೂರು ಸುತ್ತು. ಬೀಳ್ಕೊಡುಗೆಯ ಊಟಗಳಲ್ಲಿ ಹೊಟ್ಟೆ ಕೆಡಿಸಿಕೊಳ್ಳಬೇಡಿ. ಹೊಸ ಶೂ ಆ ವಾರ ಕಾಲಿಗೆ ಹಾಕಬೇಡಿ. ಕಿವಿಯ ಗುಗ್ಗೆ, ಹಲ್ಲಿನ ಹುಳುಕು ಇದ್ದರೆ ಡಾಕ್ಟರ ಹತ್ತಿರ ತೆಗೆಸಿ. ಪೆಟ್ಟಿಗೆಗೆ ಎರಡು ಕೀಲಿ ಇರುವ ಬೀಗ, ಸೂಜಿ, ಕಪ್ಪು, ಬಿಳಿ, ಖಾಕಿ ದಾರ, ಉಗುರುಕತ್ತರಿ, ಅಂಟುವ ಟೇಪು, ಪೌಡರ್, ಬಟ್ಟೆ ಒಣಹಾಕಲು ನೈಲಾನ್ ಹಗ್ಗ ಹಾಕಿಕೊಳ್ಳಿ. ಬೇರೆ ಏನು ತರಬೇಕು, ಏನು ತರಬಾರದು ಎಂದು ಕಾಲ್ ಲೆಟರ್‌ನಲ್ಲೇ ಬರೆದಿರುತ್ತದೆ. ಅದರಲ್ಲಿ ಇದ್ದದ್ದನ್ನು ಬಿಡಬೇಡಿ, ಇಲ್ಲದ್ದನ್ನು ಹೊತ್ತೊಯ್ಯಬೇಡಿ.