ದೊಡ್ಡ ಚಿತ್ರದ ಬಟ್ಟೆ, ಸಣ್ಣ ಮಕ್ಕಳ ಕೌದಿ

ಅಂಗೈಗಿಂತ ದೊಡ್ಡ ಆನೆ, ರೈಲು, ಡೈನೋಸಾರ್ ಇರುವ ಕಾಟನ್ ಬಟ್ಟೆ ಕಣ್ಣಿಗೆ ಬಿದ್ದರೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಮನೆಗೆ ತಂದ ಮೇಲೆ ಶುರು ತಲೆನೋವು. ಹಳೇ ಕೌದಿಯ ಲೆಕ್ಕದಲ್ಲಿ ನಾಲ್ಕಿಂಚಿನ ಚೌಕ ಕತ್ತರಿಸಿದರೆ ಒಂದರಲ್ಲಿ ಆನೆಯ ಕಿವಿ, ಇನ್ನೊಂದರಲ್ಲಿ ಹೊಟ್ಟೆ, ಮತ್ತೊಂದರಲ್ಲಿ ಬರೀ ಬೂದು ಬಣ್ಣ. ಮಗುವಿಗೆ ಆನೆ ಎಲ್ಲಿ ಸಿಗಬೇಕು?

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಮನೆಯಲ್ಲೇ ಮಿಷಿನ್ ಇಟ್ಟುಕೊಂಡು ಹೊಲಿಯುವವಳು ನಾನು. ಬ್ಲೌಸ್, ಲಂಗದ ಕೆಲಸದ ನಡುವೆ ನೆಂಟರ ಮಕ್ಕಳಿಗೆ, ಬೀದಿಯವರ ಮಕ್ಕಳಿಗೆ ಇಂಥ ಕೌದಿ ಹೊಲಿದುಕೊಡುವುದು ರೂಢಿ. ನನ್ನದು ಒಂದೇ ಹಟ. ಮೊದಲು ಚಿತ್ರ ಅಳೆಯಬೇಕು, ಚೌಕದ ಅಳತೆ ಆಮೇಲೆ. ಬೇರೆಯವರು ಮಾಡುವುದು ತಿರುಗಾಮುರುಗಾ: ಎಲ್ಲೋ ನೋಡಿದ ಡಿಸೈನ್ ಹಿಡಿದುಕೊಂಡು ಬಟ್ಟೆಯನ್ನು ಅದಕ್ಕೆ ಬಗ್ಗಿಸಲು ನೋಡುತ್ತಾರೆ. ಸಣ್ಣ ಹೂವಿನ ಬಟ್ಟೆಗೆ ಅದು ನಡೆಯುತ್ತದೆ, ದೊಡ್ಡ ಚಿತ್ರಕ್ಕೆ ನಡೆಯುವುದಿಲ್ಲ.

ಲೆಕ್ಕ ಹೇಳುತ್ತೇನೆ ನೋಡಿ. ಆನೆ ಏಳಿಂಚು ಎತ್ತರ ಇದೆ ಅಂತಿಟ್ಟುಕೊಳ್ಳಿ. ಸುತ್ತ ಅರ್ಧ ಅರ್ಧ ಇಂಚು ಉಸಿರಾಡಲು ಜಾಗ ಬೇಕು. ಹಾಗಾಗಿ ಕಾಣುವ ಚೌಕ ಎಂಟಿಂಚು, ಹೊಲಿಗೆಗೆ ಬಿಡುವ ಕಾಲಿಂಚು ಎರಡೂ ಕಡೆ ಸೇರಿಸಿ ಕತ್ತರಿಸುವುದು ಎಂಟೂವರೆ. ಅಡ್ಡಕ್ಕೆ 4, ಉದ್ದಕ್ಕೆ 5, ಒಟ್ಟು 20 ಚೌಕ. ನಡುವೆ ಮತ್ತು ಸುತ್ತಲೂ ಒಂದೂವರೆ ಇಂಚಿನ ಪಟ್ಟಿ ಕೊಟ್ಟರೆ ಕೌದಿ ಮೂವತ್ತೊಂಬತ್ತೂವರೆ ಇಂಚು ಅಗಲ, 49 ಇಂಚು ಉದ್ದ ಬರುತ್ತದೆ. ಪಟ್ಟಿ ಎರಡಿಂಚು ಮಾಡಿದರೆ ಏನಾಗುತ್ತದೆ? ಅಗಲ ಸರಿಯಾಗಿ 42ಕ್ಕೆ ನಿಲ್ಲುತ್ತದೆ. ಆದರೆ 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯನ್ನು ಹಿಂಬದಿಗೆ ಹಾಕುವಾಗ ಅಂಚು ಕಳೆದು ಜಗ್ಗಲು ಏನೂ ಉಳಿಯುವುದಿಲ್ಲ, ನಡುವೆ ಜೋಡಿಸಬೇಕಾಗುತ್ತದೆ. ಒಂದೂವರೆ ಇಂಚಿನ ಪಟ್ಟಿಯಾದರೆ ಒಂದೂವರೆ ಮೀಟರ್ ಬಟ್ಟೆಯಲ್ಲಿ ಹಿಂಬದಿ ಜೋಡಣೆಯಿಲ್ಲದೆ ಮುಗಿಯುತ್ತದೆ.

ಇನ್ನು ಚಿತ್ರ ನೋಡಿಕೊಂಡು ಕತ್ತರಿಸುವುದು. ಕಚೇರಿ ಕಾಗದ ಇಡುವ ಪಾರದರ್ಶಕ ಪ್ಲಾಸ್ಟಿಕ್ ಫೈಲ್ ಇರುತ್ತದಲ್ಲ, ಅದರ ಒಂದು ಹಾಳೆಯಲ್ಲಿ ಎಂಟೂವರೆ ಇಂಚಿನ ಚೌಕ ಕತ್ತರಿಸಿ, ಒಳಗೆ ಕಾಲಿಂಚು ಬಿಟ್ಟು ಮಾರ್ಕರ್‌ನಲ್ಲಿ ಇನ್ನೊಂದು ಚೌಕ ಎಳೆಯಿರಿ. ಬಟ್ಟೆಯ ಮೇಲೆ ಇದನ್ನು ಅತ್ತಿತ್ತ ಜರುಗಿಸಿದರೆ ಒಳಗಿನ ಗೆರೆಯಲ್ಲಿ ಏನಿದೆಯೋ ಅದೇ ಕೌದಿಯಲ್ಲಿ ಕಾಣುವುದು. ಸೊಂಡಿಲು ಗೆರೆ ದಾಟಿತೇ, ಅಲ್ಲೇ ಗೊತ್ತಾಗುತ್ತದೆ. ಚಿತ್ರವನ್ನು ಸರಿಯಾಗಿ ನಡುವಿಗೆ ಇಡಲೇಬೇಕು ಅಂತ ಇಲ್ಲ. ಆನೆ ಸ್ವಲ್ಪ ಪಕ್ಕಕ್ಕೆ ಸರಿದು, ಮುಖದ ಮುಂದೆ ಖಾಲಿ ಜಾಗ ಇದ್ದರೆ ನಡೆದು ಹೋಗುವ ಹಾಗೆ ಕಾಣುತ್ತದೆ.

ಹೀಗೆ ಆರಿಸಿ ಕತ್ತರಿಸಿದರೆ ಬಟ್ಟೆ ಜಾಸ್ತಿ ಬೇಕು. 44 ಇಂಚು ಪನ್ನದಲ್ಲಿ ಸಾಲಾಗಿ ಕತ್ತರಿಸಿದರೆ ಐದು ಚೌಕ ಸಿಗುವ ಕಡೆ ಮೂರೇ ಸಿಗಬಹುದು. ಲೆಕ್ಕಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ತರುವುದು ಒಳ್ಳೆಯದು. ಚಿತ್ರ ಓರೆಯಾಗಿ ಅಚ್ಚಾಗಿದ್ದರೆ ಚೌಕವೂ ಓರೆಗೆ ಬಂದು, ಅಂಚು ಎಳೆದ ಹಾಗೆ ಜಗ್ಗುತ್ತದೆ. ಅದಕ್ಕೆ ಕತ್ತರಿಸುವ ಮೊದಲೇ ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿಕೊಳ್ಳುತ್ತೇನೆ. ಕೌದಿ ಮುಗಿದ ತಕ್ಷಣ ಒಗೆದು ಗಂಜಿ ತೆಗೆಯಲೇಬೇಕು. ನಮ್ಮ ಮಳೆಗಾಲದಲ್ಲಿ ಗಂಜಿ ಇರುವ ಬಟ್ಟೆಗೆ ಬೂಸ್ಟು ಹಿಡಿಯದೆ ಬಿಡುವುದಿಲ್ಲ.

ಬಟ್ಟೆ ಎಲ್ಲಿ ತರುತ್ತೀರಿ ಅಂತ ಕೇಳುವವರಿಗೆ: ಶಿವಮೊಗ್ಗಕ್ಕೆ ಹೋದಾಗ ಗಾಂಧಿ ಬಜಾರಿನಲ್ಲಿ ಕಟ್ ಪೀಸ್ ರಾಶಿ ಕೆದಕುವುದು ನನಗೊಂದು ಖುಷಿ. ಮಕ್ಕಳ ಕಾಟನ್ ಬೆಡ್‌ಶೀಟ್ ಇನ್ನೂ ಲಾಭ. 60 ಇಂಚು ಅಗಲ, 90 ಇಂಚು ಉದ್ದದ ಸಿಂಗಲ್ ಶೀಟ್ ಅಂದರೆ 44 ಇಂಚು ಪನ್ನದ ಮೂರು ಮೀಟರಿಗೂ ತುಸು ಹೆಚ್ಚು. ಕಾಟನ್ ಹೌದೋ ಅಲ್ಲವೋ ಅನುಮಾನ ಬಂದರೆ ಅಂಚಿನ ಒಂದೆಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕಾಟನ್ ಕಾಗದ ಸುಟ್ಟ ವಾಸನೆ ಬಂದು ಪುಡಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆ ಕಟ್ಟುತ್ತದೆ. ಪರದೆ ಬಟ್ಟೆಯ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಮಕ್ಕಳ ಕೌದಿಗೆ ನಾನು ಹಾಕುವುದಿಲ್ಲ. ಗಾಳಿಯಾಡುವುದಿಲ್ಲ, ಮಗು ಬೆವರುತ್ತದೆ.

ಪಟ್ಟಿಗೆ ಯಾವ ಬಣ್ಣ? ಅಚ್ಚಿನ ಬಟ್ಟೆಯ ಅಂಚಿನಲ್ಲಿ ಕೆಲವೊಮ್ಮೆ ಸಾಲಾಗಿ ಬಣ್ಣದ ಚುಕ್ಕಿಗಳಿರುತ್ತವೆ. ಆ ಚಿತ್ರಕ್ಕೆ ಬಳಸಿದ ಬಣ್ಣಗಳೇ ಅವು. ಆ ಅಂಚನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡು ಹೋದರೆ ಅಂಗಡಿಯಲ್ಲಿ ಪ್ಲೇನ್ ಪಾಪ್ಲಿನ್ ಹೊಂದಿಸುವುದು ಸುಲಭ. ದೊಡ್ಡ ಚಿತ್ರದ ಪಕ್ಕ ಇನ್ನೊಂದು ದೊಡ್ಡ ಚಿತ್ರ ಇಟ್ಟರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಪ್ಲೇನ್, ಸಣ್ಣ ಚುಕ್ಕಿ, ತೆಳು ಗೆರೆ, ಇಷ್ಟರಲ್ಲೇ ಮುಗಿಸಿ. ಸಂಶಯವಿದ್ದರೆ ಎಲ್ಲವನ್ನೂ ನೆಲದ ಮೇಲೆ ಹರಡಿ ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಚಿತ್ರದ ಹಿನ್ನೆಲೆಯೂ ಪಟ್ಟಿಯೂ ಒಂದೇ ಬೂದು ಬಣ್ಣವಾಗಿ ಕಂಡರೆ ಪಟ್ಟಿ ಬದಲಿಸಿ.

ಚಿತ್ರದ ದಿಕ್ಕಿನ ವಿಷಯದಲ್ಲಿ ನನಗೂ ನನ್ನ ಅತ್ತಿಗೆಗೂ ಸದಾ ವಾದ. ಎಲ್ಲ ಪ್ರಾಣಿಯೂ ಒಂದೇ ಕಡೆ ನೆಟ್ಟಗೆ ನಿಂತಿರಬೇಕು, ಮಂಚದ ಮೇಲೆ ಹಾಸಿದಾಗ ಬಾಗಿಲಲ್ಲಿ ನಿಂತವರಿಗೆ ಚೆನ್ನಾಗಿ ಕಾಣಬೇಕು ಅಂತ ಅವರ ಮಾತು. ಸರಿ, ಮಂಚದ ಕೌದಿಗೆ ಅದು ಒಪ್ಪುತ್ತದೆ. ಆದರೆ ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳು ಕೌದಿಯನ್ನು ಜಗಲಿಯಲ್ಲೋ ನಡುಮನೆಯಲ್ಲೋ ಹಾಸಿಕೊಂಡು ಸುತ್ತಲೂ ಹರಿದಾಡುತ್ತವೆ. ನೆಲಕ್ಕೆ ಹಾಸುವ ಕೌದಿಯಲ್ಲಿ ಪ್ರತಿ ಅಂಚಿನ ಸಾಲು ಹೊರಗೆ ಕಾಲು ಚಾಚಿರುವ ಹಾಗೆ ತಿರುಗಿಸುತ್ತೇನೆ. ಯಾವ ಕಡೆ ಕೂತರೂ ಒಂದು ಸಾಲು ಮಗುವಿಗೆ ನೆಟ್ಟಗೆ ಕಾಣುತ್ತದೆ. ಮಲಗಿ ಹೊದೆಯುವ ಕೌದಿಗೆ ಇನ್ನೊಂದು ಉಪಾಯವಿದೆ. ಎದೆಯ ಹತ್ತಿರದ ಎರಡು ಸಾಲನ್ನು ತಲೆಕೆಳಗು ಮಾಡಿ. ಮಲಗಿದ ಮಗು ತಲೆ ಎತ್ತಿ ನೋಡಿದರೆ ಅದಕ್ಕೆ ಸರಿಯಾಗಿ ಕಾಣುವುದು ಅವೇ.

ಚಿತ್ರ ತುಂಬಾ ದೊಡ್ಡದು, ಒಂದು ಮೊಳದಷ್ಟು ಹುಲಿ ಅಂತಾದರೆ ಕತ್ತರಿಯ ಸುದ್ದಿಗೇ ಹೋಗಬೇಡಿ. ಇಡೀ ತುಂಡನ್ನು ನಡುವೆ ಇಟ್ಟು, ಸುತ್ತ ಎರಡು ಮೂರು ಬಾರ್ಡರ್ ಕಟ್ಟಿ, ಹುಲಿಯ ಹೊರಗೆರೆಯ ಮೇಲೇ ಕೈಹೊಲಿಗೆ ಹಾಕಿ. ಮುಖದ ಮೇಲೆ ಮಾತ್ರ ಹೊಲಿಗೆ ಹಾಯಿಸಬಾರದು, ಕಣ್ಣು ಸೊಟ್ಟಗಾಗುತ್ತದೆ. ಹೊರಗೆರೆಯ ಹೊಲಿಗೆಯಿಂದ ಹೊಟ್ಟೆ, ಬೆನ್ನು ಉಬ್ಬಿ ನಿಲ್ಲುತ್ತವೆ. ಮಕ್ಕಳು ಬೆರಳಿನಿಂದ ಆ ಗೆರೆ ಹಿಡಿದು ಸುತ್ತು ಹಾಕುವುದನ್ನು ನೋಡಬೇಕು.

ನನಗೆ ಎಲ್ಲಕ್ಕಿಂತ ಇಷ್ಟ ಹುಡುಕಾಟದ ಕೌದಿ. ಇದರಲ್ಲಿ ಪ್ರತಿ ಚೌಕದಲ್ಲೂ ಬೇರೆ ಬೇರೆ ಚಿತ್ರ. ಒಬ್ಬರ ಹತ್ತಿರ ಅಷ್ಟು ಬಟ್ಟೆ ಎಲ್ಲಿರುತ್ತದೆ? ಹೊಲಿಗೆಯವರು ಐದಾರು ಜನ ಸೇರಿ ಒಂದೇ ಅಳತೆಯ ತುಂಡು ಬದಲಾಯಿಸಿಕೊಳ್ಳುತ್ತೇವೆ. ಅವರ ಫ್ರಾಕಿನ ಚಿಟ್ಟೆ ನನಗೆ, ನನ್ನ ದಿಂಬಿನ ಕವರಿನ ಮೊಸಳೆ ಅವರಿಗೆ. ಒಂದೆರಡು ಚಿತ್ರ ಮಾತ್ರ ಜೋಡಿ ಇರಬೇಕು, ಅದೂ ದೂರ ದೂರದ ಮೂಲೆಯಲ್ಲಿ. ಆಮೇಲೆ ಆಟ ಶುರು: ‘ನಾಲ್ಕು ಚಕ್ರ ಇರೋದು ಎಲ್ಲಿದೆ?’ ‘ಇದರ ಜೋಡಿ ಎಲ್ಲಿ ಅಡಗಿದೆ?’ ಹೊರಗೆ ಜಡಿಮಳೆ, ಕರೆಂಟಿಲ್ಲ, ಟಿವಿ ಇಲ್ಲ ಅನ್ನುವ ಆಷಾಢದ ಮಧ್ಯಾಹ್ನಕ್ಕೆ ಇದಕ್ಕಿಂತ ಬೇರೆ ಬೇಕಾ? ದಕ್ಷಿಣ ಅಮೆರಿಕದ ಕಾಡಿನ ಟೂಕನ್ ಹಕ್ಕಿಯನ್ನು ನಮ್ಮ ಹುಡುಗಿ ‘ದೊಡ್ಡಮ್ಮ, ಮಂಗಟ್ಟೆ!’ ಅಂತ ತೋರಿಸಿದಳು. ನಮ್ಮ ಕಾಡಿನ ಮಂಗಟ್ಟೆ ಹಕ್ಕಿಗೂ ಅಂಥದ್ದೇ ದೊಡ್ಡ ಕೊಕ್ಕು, ಅವಳ ಮಾತು ಸುಳ್ಳೇನಲ್ಲ. ಸಕ್ರೆಬೈಲಿನ ಬಿಡಾರದಲ್ಲಿ ಆನೆ, ತ್ಯಾವರೆಕೊಪ್ಪದಲ್ಲಿ ಸಿಂಹ ನೋಡಿ ಬಂದ ಮಕ್ಕಳಿಗೆ ಆ ಚೌಕಗಳ ಹತ್ತಿರ ಬಂದರೆ ಮಾತು ನಿಲ್ಲುವುದೇ ಇಲ್ಲ. ರೈಲಿನ ಚಿತ್ರ ಇದ್ದರೆ ಅದು ನಮ್ಮೂರಿನ ಮೇಲೆ ಹೋಗುವ ತಾಳಗುಪ್ಪ ರೈಲೇ, ಬಣ್ಣ ಯಾವುದಾದರೂ ಇರಲಿ.

ಕೆಲವು ಬಟ್ಟೆಯಲ್ಲಿ ಬಣ್ಣ ಸೊಗಸು, ಚಿತ್ರ ಮಾತ್ರ ವಿಕಾರ. ಅದನ್ನು ಧೈರ್ಯವಾಗಿ ಕತ್ತರಿಸಿ. ಅಚ್ಚು ಎಷ್ಟು ಇಂಚಿಗೊಮ್ಮೆ ಮರುಕಳಿಸುತ್ತದೆ ನೋಡಿಕೊಂಡು, ಒಂದೇ ಜಾಗದ ನಾಲ್ಕು ಪದರ ಒಂದರ ಮೇಲೊಂದು ಇಟ್ಟು ಗುಂಡುಸೂಜಿ ಚುಚ್ಚಿ, ಒಟ್ಟಿಗೇ ತ್ರಿಕೋನ ಕತ್ತರಿಸಿ. ನಾಲ್ಕರ ತುದಿ ನಡುವೆ ಸೇರಿಸಿ ಹೊಲಿದರೆ ಕೋಡಂಗಿಯ ಟೋಪಿ ರಂಗೋಲಿಯ ಹೂವಾಗಿ ಕೂತಿರುತ್ತದೆ.

ಒಳಗೆ ಏನು ಹಾಕುವುದು ಅನ್ನುವುದು ನಮ್ಮ ಕಡೆ ದೊಡ್ಡ ಪ್ರಶ್ನೆ. ಹಳೇ ಕಾಟನ್ ಸೀರೆ ಎರಡು ಪದರ ಹಾಕಿದರೆ ಮೆತ್ತಗೆ, ಬೆಚ್ಚಗೆ. ಹೊಲಿಗೆ ಸಾಲು ಮಾತ್ರ ಹತ್ತಿರ ಹತ್ತಿರ ಇರಬೇಕು. ಹತ್ತಿಯ ಪದರ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಮುಗ್ಗಲು ವಾಸನೆ. ದಿನಾ ಒಗೆಯುವ ಮಕ್ಕಳ ಕೌದಿಗೆ ತೆಳುವಾದ ಪಾಲಿಯೆಸ್ಟರ್ ವ್ಯಾಡಿಂಗ್ ವಾಸಿ, ಬಚ್ಚಲೊಲೆಯ ಬಿಸಿಗಾಳಿಗೂ ಬೇಗ ಆರುತ್ತದೆ. ಒಲೆಗೆ ತೀರಾ ಹತ್ತಿರ ಮಾತ್ರ ನೇತುಹಾಕಬೇಡಿ. ವರ್ಷ ತುಂಬದ ಕೂಸಿಗೆ ಮಲಗಿಸುವಾಗ ಕೌದಿ ಹೊದಿಸಬಾರದು, ಮೂಗಿನ ಮೇಲೆ ಬಂದರೆ ಅಪಾಯ. ಎಚ್ಚರವಿದ್ದಾಗ ನೆಲಕ್ಕೆ ಹಾಸಿ ಆಡಲು ಬಿಡಿ. ಆನೆಯ ಕಣ್ಣಿಗೆ ಗುಂಡಿ, ಮಣಿ ಹೊಲಿಯುವುದೂ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ.

ಆರಿಸಿ ಕತ್ತರಿಸಿದ ಮೇಲೆ ಬಟ್ಟೆ ತೂತು ತೂತಾಗಿ ಉಳಿಯುತ್ತದಲ್ಲ, ಅದನ್ನು ಎಸೆಯುವುದಿಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಇಡುತ್ತಾರೆ. ಅದನ್ನು ನೋಡಿ ಕಲಿತು ನಾನೂ ಉಳಿದ ಚೂರುಗಳನ್ನು ಹಾಗೆ ಮಡಿಸಿ ಮೂಲೆಗೆ ಕೂರಿಸುತ್ತೇನೆ. ಇನ್ನೂ ಉಳಿದರೆ ಅದೇ ಚಿತ್ರದ ದಿಂಬಿನ ಕವರು. ಹಿಂಬದಿಗೆ ಮಾತ್ರ ಸಾದಾ ಚೌಕುಳಿ ಬಟ್ಟೆಯನ್ನೇ ಹಾಕುವುದು. ಹತ್ತು ವರ್ಷ ದಾಟಿದ ಹುಡುಗರು ‘ಇದು ಪಾಪುಗಳದ್ದು’ ಅಂತ ಮುಖ ತಿರುಗಿಸಿದರೆ, ಕೌದಿ ಮಗುಚಿ ಹಾಸಿಕೊಂಡರಾಯಿತು.