ಘಟ್ಟ ಇಳಿಯುವ ಪೋಲೋಗೆ ಯಾವ ಟೈರು, ಯಾವ ಸೈಜು?

ನಾನು ಶಿರಸಿ ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ತವರುಮನೆ ಕುಮಟೆ ಪಕ್ಕದಲ್ಲಿ. ಹದಿನೈದು ದಿನಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಆಯಿಯನ್ನು ನೋಡಿಕೊಂಡು ಬರುತ್ತೇನೆ. ಕಾರು 2015ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 1.2 ಲೀಟರ್ ಟರ್ಬೊ ಇಂಜಿನ್, 105 ಕುದುರೆಶಕ್ತಿ, ತಾನೇ ಗೇರ್ ಬದಲಿಸುವ ಏಳು ಗೇರಿನ ಡಿಎಸ್‌ಜಿ. ಸಣ್ಣ ಕಾರಿಗೆ ಇಷ್ಟು ಶಕ್ತಿ ಇದ್ದರೆ ಓಡಿಸೋದೇ ಒಂದು ಖುಷಿ. ಆದರೆ ಆ ಶಕ್ತಿಯೆಲ್ಲ ರಸ್ತೆಗೆ ತಲುಪೋದು ಟೈರಿನ ಮೂಲಕವೇ. ಇದು ನನಗೆ ಸರಿಯಾಗಿ ಅರ್ಥವಾಗುವಷ್ಟರಲ್ಲಿ ಒಂದು ಸೆಟ್ ಟೈರಿನ ದುಡ್ಡು ಹೋಗಿತ್ತು.

ಮೊದಲ ಸಲ ಟೈರ್ ಬದಲಿಸುವಾಗ ಅಂಗಡಿಯವರು ಹೇಳಿದರು: "ಅಕ್ಕೋರೇ, ನಿಮ್ಮ ಸೈಜು ಸ್ಟಾಕ್ ಇಲ್ಲ. 195/65 ಹಾಕಿ ಕೊಡ್ತೆ. ಸ್ವಲ್ಪ ಎತ್ತರ ಆಗ್ತದೆ, ಗುಂಡಿಗೆಲ್ಲ ಒಳ್ಳೇದು." ರಿಮ್ ಅದೇ 15 ಇಂಚು, ಟೈರು ಕೂತುಕೊಂಡಿತು, ನಾನೂ ಒಪ್ಪಿದೆ. ವಾಪಸ್ ಬರುವಾಗಲೇ ಕಾರು ಬೇರೆ ಯಾರದ್ದೋ ಅನ್ನಿಸಿತು. ಗೇರ್ ಬೀಳುವುದು ನಿಧಾನ, ಎಳೆತ ಮಂದ. ಮುಂದಿನ ವಾರ ಕುಮಟೆಯಿಂದ ಎರಡು ಚೀಲ ತೆಂಗಿನಕಾಯಿ, ಆಯಿ, ಚಿಕ್ಕಪ್ಪ ಎಲ್ಲರನ್ನೂ ಹತ್ತಿಸಿಕೊಂಡು ಘಟ್ಟ ಹತ್ತುತ್ತಿದ್ದೆ. ಹೇರ್‌ಪಿನ್ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರದಿಂದ ಗರಗರ ಸದ್ದು. ಕೆಳಗಿಳಿದು ಕೈ ಹಾಕಿ ನೋಡಿದೆ. ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು, ಬಿಸಿಯೂ ಆಗಿತ್ತು.

ಮನೆಗೆ ಬಂದು ಲೆಕ್ಕ ಮಾಡಿದೆ. ಈ ಲೆಕ್ಕ ಎಂಟನೇ ಕ್ಲಾಸಿನ ಮಕ್ಕಳೂ ಮಾಡಬಹುದು. ಅದನ್ನು ಅಂಗಡಿಗೆ ಹೋಗುವ ಮೊದಲೇ ಮಾಡಬೇಕಿತ್ತು, ಅಷ್ಟೇ.

ನನ್ನ ಕಾರಿನ ಕಂಪನಿ ಸೈಜು 185/60 ಆರ್ 15. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಗೋಡೆಯ, ಅಂದರೆ ರಿಮ್ಮಿನಿಂದ ನೆಲ ಮುಟ್ಟುವ ಭಾಗದವರೆಗಿನ ಬದಿಯ, ಎತ್ತರ. ಇದು ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ ಎಷ್ಟು ಅಂತ. ಇಲ್ಲೇ ಎಲ್ಲರೂ ಎಡವೋದು. 185ರ 60 ಶೇಕಡಾ ಅಂದರೆ 111 ಮಿ.ಮೀ. ಆರ್ ಅಂದರೆ ರೇಡಿಯಲ್, ಟೈರ್ ಕಟ್ಟಿರುವ ಬಗೆ. 15 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದು ಇಂಚಿಗೆ 25.4 ಮಿ.ಮೀ., ಹಾಗಾಗಿ 381 ಮಿ.ಮೀ. ಗೋಡೆ ಮೇಲೆ ಒಂದು, ಕೆಳಗೆ ಒಂದು, ಒಟ್ಟು 222. ಅದಕ್ಕೆ 381 ಸೇರಿಸಿ. ಪೂರ್ತಿ ಚಕ್ರದ ಎತ್ತರ 603 ಮಿ.ಮೀ.

ಈಗ ನನಗೆ ಹಾಕಿಕೊಟ್ಟ 195/65 ನೋಡಿ. 195ರ 65 ಶೇಕಡಾ 126.75. ಎರಡು ಗೋಡೆ ಸೇರಿ 253.5. ರಿಮ್ ಕೂಡಿಸಿದರೆ 634.5. ಅಂದರೆ ಚಕ್ರ 5 ಶೇಕಡಾಕ್ಕಿಂತ ಜಾಸ್ತಿ ದೊಡ್ಡದಾಯಿತು. ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ. ಎಲ್ಲಾ ಗೇರೂ ಸ್ವಲ್ಪ ಸ್ವಲ್ಪ ಉದ್ದ ಆದ ಹಾಗೆ. ಅದಕ್ಕೇ ಎಳೆತ ಮಂದ ಆಗಿದ್ದು. ಸ್ಪೀಡೋಮೀಟರೂ ಮೊದಲಿನ ಲೆಕ್ಕಕ್ಕಿಂತ ಕಮ್ಮಿ ತೋರಿಸುತ್ತದೆ. ಮೊದಲು 80 ತೋರಿಸುತ್ತಿದ್ದ ಮುಳ್ಳು ಈಗಲೂ 80ರಲ್ಲೇ ನಿಂತಿರುತ್ತದೆ, ಕಾರು ಮಾತ್ರ ಸುಮಾರು 4 ಕಿ.ಮೀ. ಜಾಸ್ತಿ ವೇಗದಲ್ಲಿ ಹೋಗುತ್ತಿರುತ್ತದೆ.

ನಾನು ಇಟ್ಟುಕೊಂಡಿರುವ ಮಿತಿ ಹೀಗೆ. ಒಟ್ಟು ಎತ್ತರ ಮೂಲ ಸೈಜಿಗಿಂತ 2 ಶೇಕಡಾದಷ್ಟು ಆಚೀಚೆ ಆದರೆ ಯೋಚನೆ ಇಲ್ಲ. 3 ದಾಟಿದರೆ ಬೇಡವೇ ಬೇಡ. 195/60 ಆರ್ 15 ಲೆಕ್ಕ ಹಾಕಿದರೆ 615 ಮಿ.ಮೀ., 2 ಶೇಕಡಾ ಜಾಸ್ತಿ. 195/55 ಆರ್ 15 ಆದರೆ 595.5, 1.2 ಶೇಕಡಾ ಕಮ್ಮಿ. ಎರಡೂ ಕೂರುತ್ತವೆ. ಆದರೆ ನಮ್ಮ ಕಡೆ ರಸ್ತೆಯಲ್ಲಿ ಕಾರಿಗೆ ನೆಲದಿಂದ ಇರುವ ಎತ್ತರ ಕಮ್ಮಿ ಮಾಡಿಕೊಳ್ಳೋದು ಯಾಕೆ? ನಾನು 195/60 ಹಾಕಿಸಿದೆ. ಗೋಡೆ 111ರಿಂದ 117ಕ್ಕೆ ಏರಿತು, ಅಗಲ 10 ಮಿ.ಮೀ. ಜಾಸ್ತಿ ಆಯಿತು. ಕಾರಿನ ಚುರುಕುತನಕ್ಕೆ ಏನೂ ಆಗಲಿಲ್ಲ. ಇನ್ನೊಂದು ವಿಷಯ, ರಿಮ್ಮಿನ ಅಗಲ. ನನ್ನ ರಿಮ್ಮಿನ ಮೇಲೆ 6ಜೆ ಅಂತಿದೆ, ಅಂದರೆ 6 ಇಂಚು. 185 ಮತ್ತು 195 ಎರಡೂ ಅದರ ಮೇಲೆ ಸರಿಯಾಗಿ ಕೂರುತ್ತವೆ. ಇಕ್ಕಟ್ಟಾದ ರಿಮ್ಮಿಗೆ ಅಗಲದ ಟೈರ್ ತುರುಕಿದರೆ ಗೋಡೆ ಹೊರಗೆ ಉಬ್ಬಿಕೊಂಡು, ತಿರುವಿನಲ್ಲಿ ಕಾರು ಹಾವಿನ ಹಾಗೆ ಹೊರಳುತ್ತದೆ.

ಸೈಜಿನ ಪಕ್ಕ 84 ಎಚ್, 88 ವಿ ಅಂತ ಇರುತ್ತದಲ್ಲ, ಅದನ್ನು ಬಿಡಬೇಡಿ. ಸಂಖ್ಯೆ ಹೊರೆಯದ್ದು. 84 ಅಂದರೆ ಒಂದು ಟೈರ್ 500 ಕಿಲೋ ಹೊರುತ್ತದೆ, 88 ಅಂದರೆ 560. ಅಕ್ಷರ ವೇಗದ್ದು. ಟಿ ಅಂದರೆ ಗಂಟೆಗೆ 190 ಕಿ.ಮೀ., ಎಚ್ 210, ವಿ 240. "ನಮ್ಮ ಊರಲ್ಲಿ 210ರಲ್ಲಿ ಎಲ್ಲಿ ಹೋಗ್ತಿ?" ಅಂತ ಅಣ್ಣ ಕೇಳಿದ. ಆ ವೇಗದಲ್ಲಿ ಹೋಗೋದಿಲ್ಲ, ಸರಿ. ಆದರೆ ಮೇಲಿನ ಅಕ್ಷರ ಇರುವ ಟೈರ್ ಬಿಸಿ ತಡೆಯುವ ಹಾಗೆ ಕಟ್ಟಿರುತ್ತಾರೆ. ಜೋರಾಗಿ ತಿರುಗಿಸುವಾಗಲೂ ಅದು ಗಟ್ಟಿಯಾಗಿ ನಿಲ್ಲುತ್ತದೆ. ಕಂಪನಿ ಕೊಟ್ಟಿದ್ದಕ್ಕಿಂತ ಸಂಖ್ಯೆಯಾಗಲಿ ಅಕ್ಷರವಾಗಲಿ ಕೆಳಗಿಳಿಯಬಾರದು. ಮೇಲೆ ಹೋದರೆ ತೊಂದರೆ ಇಲ್ಲ.

ಕಾರವಾರದಲ್ಲಿರುವ ಅಕ್ಕನ ಮಗನೂ ಇದೇ ಕಾರು ಇಟ್ಟುಕೊಂಡಿದ್ದಾನೆ. ಅವನು 17 ಇಂಚಿನ ಅಲಾಯ್ ರಿಮ್ ಹಾಕಿಸಿ 205/45 ಟೈರ್ ಕೂರಿಸಿಕೊಂಡು ಬಂದಿದ್ದ. "ಹ್ಯಾಂಗೆ ಕಾಣ್ತು ನೋಡು ಚಿಕ್ಕಿ" ಅಂದ. ಚಂದ ಕಾಣುತ್ತಿತ್ತು, ಸುಳ್ಳು ಹೇಳುವುದಿಲ್ಲ. ಲೆಕ್ಕವೂ ಸರಿ ಇತ್ತು, ಒಟ್ಟು ಎತ್ತರ 616 ಮಿ.ಮೀ. ಆದರೆ ಗೋಡೆ ಬರೀ 92 ಮಿ.ಮೀ. ಮೂಲ ಟೈರಿಗಿಂತ 19 ಮಿ.ಮೀ. ಕಮ್ಮಿ. ಆ ಮಳೆಗಾಲದಲ್ಲಿ ನೀರು ತುಂಬಿದ ಒಂದು ಗುಂಡಿಗೆ ಮುಂದಿನ ಎಡ ಚಕ್ರ ಬಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಟೈರಿನ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿದೆ, ರಿಮ್ಮಿನ ಅಂಚು ಬಾಗಿದೆ. ಗುಳ್ಳೆ ಎದ್ದರೆ ಒಳಗಿನ ದಾರ ಹರಿದಿದೆ ಅಂತಲೇ ಅರ್ಥ. ಅಂಥ ಟೈರಿಗೆ ರಿಪೇರಿ ಇಲ್ಲ, ಬಿಸಾಡಲೇಬೇಕು. "ತಮಾ, ಚಂದಕ್ಕೆ 15 ಇಂಚಿನದ್ದೇ ಒಳ್ಳೇ ರಿಮ್ ಹಾಕ್ಸು" ಅಂತ ಹೇಳಿದೆ. ಈಗ ಹಾಗೇ ಮಾಡಿದ್ದಾನೆ.

ಇನ್ನು ಮಳೆ. ನನ್ನ ಪ್ರಕಾರ ಉತ್ತರ ಕನ್ನಡದಲ್ಲಿ ಟೈರ್ ಆರಿಸೋದು ಅಂದರೆ ಮಳೆಗೆ ಆರಿಸೋದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ರಸ್ತೆ ಒಣಗೋದೇ ಅಪರೂಪ. ಘಟ್ಟದಲ್ಲಿ ಕೊಳೆತ ಎಲೆ, ಬದಿಯಿಂದ ಇಳಿದು ಬರುವ ಕೆಂಪು ಮಣ್ಣು. ಕೆಳಗೆ ಹೆದ್ದಾರಿ 66ರಲ್ಲಿ ನಿಂತ ನೀರು.

ಒಂದು ಜುಲೈ ತಿಂಗಳಲ್ಲಿ ಅಂಕೋಲೆಯಿಂದ ಕುಮಟೆಗೆ ಬರುತ್ತಿದ್ದೆ. ಮಿರ್ಜಾನ್ ಹತ್ತಿರ ವೇಗ 80 ಇತ್ತು. ರಸ್ತೆಯ ಮೇಲೆ ನೀರು ತೆಳ್ಳಗೆ ಹಾಸಿಕೊಂಡಿತ್ತು, ದೂರದಿಂದ ಗೊತ್ತೇ ಆಗಲಿಲ್ಲ. ಇದ್ದಕ್ಕಿದ್ದಂತೆ ಸ್ಟೇರಿಂಗ್ ಹಗುರ ಆಯಿತು. ಕೈಯಲ್ಲಿ ಏನೂ ಹಿಡಿದಿಲ್ಲವೇನೋ ಅನ್ನುವಷ್ಟು ಹಗುರ. ಇಂಜಿನ್ ಸದ್ದು ಮೇಲೇರಿತು, ಕಾರು ನೇರಕ್ಕೆ ಜಾರುತ್ತಲೇ ಇತ್ತು. ಬ್ರೇಕ್ ಮುಟ್ಟಲಿಲ್ಲ. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಒಂದೆರಡು ಸೆಕೆಂಡಿಗೆ ಟೈರು ಮತ್ತೆ ರಸ್ತೆ ಹಿಡಿಯಿತು. ಮುಂದೆ ಬದಿಗೆ ನಿಲ್ಲಿಸಿ ಎಷ್ಟು ಹೊತ್ತು ಕೂತಿದ್ದೆನೋ ನೆನಪಿಲ್ಲ.

ಅವತ್ತು ನನ್ನ ಮುಂದಿನ ಟೈರಿನಲ್ಲಿ ಟ್ರೆಡ್ ಆಳ, ಅಂದರೆ ನೆಲ ಮುಟ್ಟುವ ಮೈಮೇಲಿನ ಗೀರುಗಳ ಆಳ, ಎರಡು ಮಿಲಿಮೀಟರಿನ ಮೇಲೇ ಇತ್ತು. ಕಾನೂನಿನ ಮಿತಿ 1.6 ಮಿ.ಮೀ. ಟ್ರೆಡ್ಡಿನ ಗೀರಿನೊಳಗೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ. ಟೈರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ 1.6 ಆಯಿತು ಅಂತ ಲೆಕ್ಕ. ನಾನೂ ಅದನ್ನೇ ನಂಬಿಕೊಂಡಿದ್ದೆ. ಆದರೆ ಅಷ್ಟು ಸವೆದ ಗೀರಿಗೆ ನಮ್ಮ ಮಳೆ ನೀರನ್ನು ಹೊರಗೆ ದೂಡುವ ಶಕ್ತಿ ಇರೋದಿಲ್ಲ. ನೀರು ಅಡಿಯಲ್ಲೇ ಉಳಿದು ಟೈರನ್ನು ಎತ್ತಿಬಿಡುತ್ತದೆ. ಟೈರ್ ಅಗಲ ಆದಷ್ಟೂ ದೂಡಬೇಕಾದ ನೀರೂ ಜಾಸ್ತಿ. ಅದಕ್ಕೇ ನಾನು 195ಕ್ಕಿಂತ ಮೇಲೆ ಹೋಗೋದಿಲ್ಲ. ಆಳ ನೋಡುವ ಗೇಜು ಬಹಳ ಕಮ್ಮಿ ಬೆಲೆಗೆ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಮೇ ತಿಂಗಳಲ್ಲಿ ಅಳೆಯುತ್ತೇನೆ. 3 ಮಿ.ಮೀ. ಅಥವಾ ಅದಕ್ಕಿಂತ ಕಮ್ಮಿ ಬಂದರೆ ಮಳೆ ಹಿಡಿಯುವ ಮೊದಲೇ ಬದಲಿಸುತ್ತೇನೆ. ನನ್ನ ಹಿಂದಿನ ಸೆಟ್ 34,000 ಕಿ.ಮೀ.ಗೆ ಹೋಯಿತು. ಇನ್ನೂ ಆರು ಸಾವಿರ ಓಡುತ್ತಿತ್ತು ಅಂತ ಅಂಗಡಿಯವರು ಹೇಳಿದರು. ಓಡಲಿ, ನನಗೆ ಬೇಡ.

ಮಳೆಯಲ್ಲಿ ಹಿಡಿಯುವ ಟೈರ್ ಯಾವುದು ಅಂತ ಹೇಗೆ ತಿಳಿಯೋದು? ಎಷ್ಟೋ ಟೈರುಗಳ ಗೋಡೆ ಮೇಲೆ ಟ್ರಾಕ್ಷನ್ ಅಂತ ಬರೆದು ಪಕ್ಕದಲ್ಲಿ ಡಬಲ್ ಎ, ಎ, ಬಿ ಅಥವಾ ಸಿ ಅಂತ ಒಂದು ದರ್ಜೆ ಇರುತ್ತದೆ. ಒದ್ದೆ ರಸ್ತೆಯಲ್ಲಿ ನೇರಕ್ಕೆ ಬ್ರೇಕ್ ಹಾಕಿದಾಗಿನ ಹಿಡಿತ ಅದು. ಎ ಗಿಂತ ಕೆಳಗಿನದ್ದು ನಾನು ಕೇಳೋದೇ ಇಲ್ಲ. ಅಲ್ಲೇ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರುತ್ತದೆ. ಅದು ಜಾಸ್ತಿ ಇದ್ದಷ್ಟೂ ಟೈರ್ ಬಾಳಿಕೆ ಜಾಸ್ತಿ. ಬಾಳಿಕೆಯ ಟೈರಿನ ರಬ್ಬರ್ ಸಾಮಾನ್ಯವಾಗಿ ಗಟ್ಟಿ ಇರುತ್ತದೆ, ಹಿಡಿತ ಅಷ್ಟಕ್ಕಷ್ಟೆ. ಒಂದೇ ಕಂಪನಿಯ ಎರಡು ಮಾಡೆಲ್ ನಡುವೆ ಹೋಲಿಸೋಕೆ ಇದು ಉಪಯೋಗ. ಬೇರೆ ಬೇರೆ ಕಂಪನಿ ನಡುವೆ ಅಷ್ಟಾಗಿ ನಂಬಬೇಡಿ, ಆ ಸಂಖ್ಯೆ ಕೊಡೋದು ಆಯಾ ಕಂಪನಿಯೇ. ಈ ಕಾರಿಗೆ ರೇಸಿನ ಟೈರ್ ಏನೂ ಬೇಡ. ಮಿಶೆಲಿನ್ ಪ್ರೈಮಸಿ, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ತರದವು ಘಟ್ಟಕ್ಕೂ ಹೆದ್ದಾರಿಗೂ ಸಾಕು.

ಅಂಗಡಿಯಲ್ಲಿ ಟೈರ್ ಹೊರಗೆ ತಂದಾಗ ಮೊದಲು ನೋಡಬೇಕಾದ್ದು ಹುಟ್ಟಿದ ದಿನ. ಗೋಡೆಯಲ್ಲಿ ಡಿಓಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2325 ಅಂತಿದ್ದರೆ 2025ರ 23ನೇ ವಾರ. ಒಂದೇ ಬದಿಯಲ್ಲಿ ಇರಬಹುದು, ತಿರುಗಿಸಿ ನೋಡಿ. ನಾಲ್ಕೂ ಟೈರಿನದ್ದು ಓದಿ. ಸುಮ್ನೆ ಒಂದು ನೋಡಿ ಬಿಟ್ಟರೆ ಉಳಿದ ಮೂರು ಹಳೇದಿರಬಹುದು. ಒಂದು ವರ್ಷಕ್ಕಿಂತ ಹಳೇದು ನಾನು ತಗೊಳ್ಳೋದಿಲ್ಲ. ರಿಯಾಯಿತಿ ಜಾಸ್ತಿ ಕೊಡುತ್ತಿದ್ದಾರೆ ಅಂದರೆ ಆ ನಾಲ್ಕು ಅಂಕಿ ಎರಡು ಸಲ ಓದಿ.

ನಾಲ್ಕೂ ಒಟ್ಟಿಗೆ ಬದಲಿಸಲು ದುಡ್ಡು ಹೊಂದದಿದ್ದರೆ ಎರಡೇ ಬದಲಿಸಿ. ಆದರೆ ಹೊಸದು ಹಿಂದಿನ ಚಕ್ರಕ್ಕೆ. ಇದಕ್ಕೆ ಅಂಗಡಿಯಲ್ಲಿ ಜಗಳವೇ ಆಗುತ್ತದೆ. "ಎಳೆಯೋದು ಮುಂದಿನ ಚಕ್ರ, ಹೊಸದು ಅಲ್ಲಿಗೇ ಹಾಕ್ಬೇಕು" ಅಂತಾರೆ. ಯೋಚನೆ ಮಾಡಿ. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ತಿರುವಿನಿಂದ ಹೊರಗೆ ತಳ್ಳುತ್ತದೆ, ಅದು ಸ್ಟೇರಿಂಗಿನಲ್ಲೇ ಗೊತ್ತಾಗುತ್ತದೆ, ಕಾಲು ತೆಗೆದರೆ ಹೆಚ್ಚಿನ ಸಲ ಹತೋಟಿಗೆ ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ದೇವಿಮನೆಯ ತಿರುವಿನಲ್ಲಿ ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಣಿವೆ. ಅಲ್ಲಿ ಗಿರಕಿಗೆ ಜಾಗ ಇಲ್ಲ. ನನ್ನ ಕಾರಿನಲ್ಲಿ ಜಾರುವ ಕಾರನ್ನು ಹತೋಟಿಗೆ ತರುವ ಇಎಸ್‌ಪಿ ಇದೆ, ಆದರೆ ಅದು ಕೆಲಸ ಮಾಡೋದೂ ಟೈರಿಗೆ ಹಿಡಿತ ಇದ್ದರೇ. ಅಂದ ಹಾಗೆ, ಮುಂದೆ ಒಂದು ಸೈಜು ಹಿಂದೆ ಒಂದು ಸೈಜು ಮಾಡಬೇಡಿ. ಬ್ರೇಕ್ ಹಾಕಿದಾಗ ಚಕ್ರ ಕಟ್ಟಿಕೊಳ್ಳದಂತೆ ಚಕ್ರಗಳ ವೇಗ ಹೋಲಿಸಿ ನೋಡುವ ಎಬಿಎಸ್‌ಗೆ ಗೊಂದಲ ಆಗುತ್ತದೆ. ಎರಡೇ ಬದಲಿಸುವುದಾದರೆ ಹಳೇ ಸೈಜೇ ತಗೊಳ್ಳಿ.

ಕೂರಿಸುವಾಗ ಎದುರಿಗೇ ನಿಂತಿರಿ. ಕೆಲವು ಟೈರಿನ ಮೇಲೆ ಔಟ್‌ಸೈಡ್ ಅಂತ ಬರೆದಿರುತ್ತದೆ, ಆ ಬದಿ ಹೊರಗೆ ಬರಬೇಕು. ಕೆಲವದರ ಮೇಲೆ ಬಾಣ ಇರುತ್ತದೆ, ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೆ ಅದು ಇರಬೇಕು. ವಾಲ್ವ್ ಹೊಸದು ಹಾಕಿಸಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಅವತ್ತೇ ಆಗಲಿ. ಬೋಲ್ಟ್‌ಗಳನ್ನು ಗಾಳಿ ಗನ್ನಿನಿಂದ ಬಿಗಿದು ಬಿಟ್ಟರೆ ಸಾಲದು. ಪೋಲೋಗೆ ಬಿಗಿತ 120 ನ್ಯೂಟನ್ ಮೀಟರ್, ಅದನ್ನು ಅಳೆದು ಬಿಗಿಯುವ ಟಾರ್ಕ್ ರೆಂಚ್ ಹಿಡಿದು ಬಿಗಿಯಲು ಹೇಳಿ, ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ.

ಟೈರು ರಿಮ್ಮಿಗೆ ಕೂರಲಿ ಅಂತ ಗಾಳಿ ಜಾಸ್ತಿ ತುಂಬಿರುತ್ತಾರೆ. ಎಷ್ಟೋ ಸಲ ಹಾಗೇ ಬಿಟ್ಟು ಕಳಿಸುತ್ತಾರೆ. ನನ್ನದರಲ್ಲಿ ಒಮ್ಮೆ ಗಾಳಿಯ ಒತ್ತಡ 42 ಪಿಎಸ್‌ಐ ಇತ್ತು. ಪೋಲೋದಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ ಚೀಟಿ ಅಂಟಿಸಿದ್ದಾರೆ, ಇಬ್ಬರಿದ್ದರೆ ಎಷ್ಟು, ಪೂರ್ತಿ ಹೊರೆ ಇದ್ದರೆ ಎಷ್ಟು ಅಂತ. ಅಷ್ಟೇ ತುಂಬಿಸಿ. ಕಾರು ಓಡಿ ಟೈರ್ ಬಿಸಿಯಾದ ಮೇಲೆ ನೋಡಿದರೆ ಲೆಕ್ಕ ತಪ್ಪುತ್ತದೆ. ನಾನು ಸಣ್ಣದೊಂದು ಗೇಜು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡಿದ್ದೇನೆ. ಶನಿವಾರ ರಾತ್ರಿ ಅಂಗಳದಲ್ಲಿ ನಿಲ್ಲಿಸಿದ ಕಾರನ್ನು ಭಾನುವಾರ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನಾಲ್ಕೂ ಚಕ್ರ, ಸ್ಟೆಪ್ನಿ ನೋಡುತ್ತೇನೆ. ಕೈಗೆ ಕೆಸರಾಗುತ್ತದೆ, ಬಚ್ಚಲಿಗೆ ಹೋಗಿ ತೊಳೆದುಕೊಂಡು ಹೊರಡುತ್ತೇನೆ.

ಹೊಸ ಟೈರ್ ಹಾಕಿದ ಮೊದಲ 300 ಕಿ.ಮೀ. ಮೆಲ್ಲಗೆ ಹೋಗಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುವ ಪದಾರ್ಥ ಮೇಲ್ಮೈಯಲ್ಲಿ ಉಳಿದಿರುತ್ತದೆ, ಅದು ಸವೆಯಬೇಕು. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿ.ಮೀ. ಎರಡೂವರೆ ಸಲ ಹೋಗಿ ಬಂದರೆ ಆಯಿತು.