ಶೇಂಗಾ ಎಣ್ಣೆಗೆ ಬ್ಲಾಕ್‌ಚೈನ್: ಮೊದಲು ಚೀಲದ ಲೆಕ್ಕ ಸರಿಪಡಿಸಿ

ಚಳ್ಳಕೆರೆಯ ಶೇಂಗಾ ಎಣ್ಣೆ ಕೊಳ್ಳುವವರು ಈಗ ಬೆಲೆಯೊಂದನ್ನೇ ವಿಚಾರಿಸುವುದಿಲ್ಲ. ಕಾಯಿ ಯಾವ ಊರಿನದು, ಬೇರೆ ಎಣ್ಣೆ ಬೆರೆತಿದೆಯೇ ಎಂದೂ ಕೇಳುತ್ತಾರೆ. ಇದಕ್ಕಾಗಿ ಬ್ಲಾಕ್‌ಚೈನ್, ಅಂದರೆ ಹಲವರು ಸೇರಿ ಬರೆಯುವ, ಬರೆದದ್ದನ್ನು ಆಮೇಲೆ ಅಳಿಸಲಾಗದ ಡಿಜಿಟಲ್ ಖಾತೆ, ಅಳವಡಿಸಲು ಹೊರಟವರಲ್ಲಿ ಬಹುತೇಕರು ಸಾಫ್ಟ್‌ವೇರ್ ಕೊಂಡ ಮೇಲೆ ಗೋದಾಮಿನತ್ತ ನೋಡುತ್ತಾರೆ.

ಮೊದಲು, ದಾಖಲೆ ಬರೆಯುವವರು ಯಾರೆಂದು ಗೊತ್ತುಮಾಡಿ. ಖರೀದಿ ಕೇಂದ್ರ, ಗಾಣ, ಪ್ರಯೋಗಾಲಯ, ಅಂಗಡಿ ಇವು ತಮ್ಮ ತಮ್ಮ ಲಾಗಿನ್‌ನಿಂದಲೇ ಬರೆಯಬೇಕು. ಎಲ್ಲರ ಪರವಾಗಿ ಒಬ್ಬ ಗುಮಾಸ್ತನೇ ತುಂಬುವುದಾದರೆ ಖಾತೆ ಪುಸ್ತಕವೇ ಸಾಕು, ಬ್ಲಾಕ್‌ಚೈನ್ ದಂಡ. ಸದಸ್ಯರಿಗಷ್ಟೇ ಪ್ರವೇಶವಿರುವ ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನಂಥ ವ್ಯವಸ್ಥೆಯನ್ನೇ ಆರಿಸಿ; ಕ್ರಿಪ್ಟೊ ಟೋಕನ್, ನಾಣ್ಯ ಎಂದು ಮಾತು ತೆಗೆಯುವ ಮಾರಾಟಗಾರರನ್ನು ಬಾಗಿಲಲ್ಲೇ ಕಳಿಸಿಬಿಡಿ.

ಕೆಲಸ ಕೆಡುವುದು ಲಾಟ್ ಮಾಡುವಾಗ, ಅಂದರೆ ಮಾಲನ್ನು ಒಂದೊಂದು ಸಂಖ್ಯೆಯ ಗುಂಪಾಗಿ ವಿಂಗಡಿಸುವಾಗ. ತೂಕವಾದ ಕೂಡಲೇ, ರಾಶಿಗೆ ಸುರಿಯುವ ಮುನ್ನವೇ, ಪ್ರತಿ ರೈತನ ಮಾಲಿಗೆ ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಚೀಟಿಯನ್ನು ಚೀಲದ ಬಾಯಿಗೆ ಸೇರಿಸಿ ಹೊಲಿಯಿರಿ. ಚೀಲದ ಮೇಲಿನ ಸ್ಕೆಚ್ ಪೆನ್ನಿನ ಬರಹ ಎರಡು ಸಲ ಹೊತ್ತಿಳಿಸುವಷ್ಟರಲ್ಲಿ ಅಳಿಸಿಹೋಗುತ್ತದೆ. ಊರು, ದಿನಾಂಕ, ತೂಕಗಳ ಜೊತೆ ತೇವಾಂಶವನ್ನೂ ಅಲ್ಲೇ ದಾಖಲಿಸಿ, ಏಕೆಂದರೆ ಹಸಿಕಾಯಿಗೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾದರೆ ಮುಂದೆ ಹುಡುಕುವುದು ಈ ಅಂಕಿಯನ್ನೇ. ಗಾಣಕ್ಕೆ ಹಾಕುವಾಗ ಹಲವರ ಕಾಯಿ ಬೆರೆಯುವುದು ಸಹಜ. ಅದನ್ನು ಮುಚ್ಚಿಡದೆ ಹೊಸ ಲಾಟ್ ತೆರೆದು, ಯಾವ ಹಳೆಯ ಲಾಟ್‌ನಿಂದ ಎಷ್ಟು ಕೆಜಿ ಬಂತೆಂದು ಬರೆಯಿರಿ. ಬೀಜ, ಎಣ್ಣೆ, ಹಿಂಡಿಗಳ ತೂಕವೂ ತಾಳೆಯಾಗಬೇಕು. 100 ಕೆಜಿ ಕಾಯಿಗೆ ಬೀಜ ಸಿಗುವುದೇ ಸುಮಾರು 70 ಕೆಜಿ. ಅದರಿಂದ 60 ಲೀಟರ್ ಎಣ್ಣೆ ಬಂತೆಂದು ಯಾರಾದರೂ ತುಂಬಿದರೆ ಬ್ಲಾಕ್‌ಚೈನ್ ತಾನಾಗಿ ಆ ಸುಳ್ಳನ್ನು ಹಿಡಿಯುವುದಿಲ್ಲ, ಚಾಚೂ ತಪ್ಪದೆ ಕಾಪಾಡುತ್ತದೆ. ವಾಲ್‌ಮಾರ್ಟ್ ಐಬಿಎಂ ಜೊತೆ ನಡೆಸಿದ ಪ್ರಯೋಗದಲ್ಲಿ ಮಾವಿನ ಹೋಳುಗಳ ಮೂಲ ಪತ್ತೆಗೆ ಹಿಡಿಯುತ್ತಿದ್ದ ಸುಮಾರು 7 ದಿನ 2.2 ಸೆಕೆಂಡಿಗೆ ಇಳಿದದ್ದು ನಿಜ, ಆದರೆ ಆ ವೇಗ ದಕ್ಕಿದ್ದು ಪ್ರತಿ ಹಂತದ ವಿವರ ಮೊದಲೇ ದಾಖಲಾಗಿದ್ದರಿಂದ.

ಫೋಟೊ, ಪರೀಕ್ಷಾ ವರದಿಗಳನ್ನು ಬೇರೆಡೆ ಇಟ್ಟು ಅವುಗಳ ಹ್ಯಾಷ್ (ಕಡತ ಸ್ವಲ್ಪ ಬದಲಾದರೂ ಬೇರೆಯಾಗುವ ಗುರುತಿನ ಸಂಕೇತ) ಮಾತ್ರ ಬ್ಲಾಕ್‌ಚೈನ್‌ಗೆ ಸೇರಿಸಿ. ರೈತರ ಆಧಾರ್, ಫೋನ್ ಸಂಖ್ಯೆಗಳನ್ನು ಅಲ್ಲಿ ಹಾಕಲೇಬೇಡಿ. ಒಮ್ಮೆ ಸೇರಿದ್ದನ್ನು ಅಳಿಸಲಾಗದು.

ಕ್ಯೂಆರ್ ಕೋಡ್ ಲಾಟ್‌ಗೊಂದರಂತೆ ಇರಲಿ. ಎಲ್ಲ ಬಾಟಲಿಗೂ ಒಂದೇ ಕೋಡ್ ಅಂಟಿಸಿ ಕಂಪನಿಯ ಮುಖಪುಟ ತೋರಿಸುವುದು ಬರೀ ಜಾಹೀರಾತು. ಅಗ್ಗದ ಕಾಗದದ ಸ್ಟಿಕರ್ ಎಣ್ಣೆ ತಾಗಿದರೆ ಮಸಕಾಗುತ್ತದೆ, ಲ್ಯಾಮಿನೇಟ್ ಆದದ್ದನ್ನೇ ತನ್ನಿ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆಗಳು ಲೇಬಲ್ ಮೇಲೆ ಇರಲೇಬೇಕು.

ಮಾರಾಟಕ್ಕೆ ಮುನ್ನ ಒಂದು ಬಾಟಲಿಯಿಂದ ಚೀಲದವರೆಗೆ ಹಿಂದಕ್ಕೆ ಹೋಗಿ ನೋಡಿ. ಬಳಿಕ ಒಂದು ಚೀಲವನ್ನು ಹಿಡಿದು, ಅದರ ಎಣ್ಣೆ ಯಾವ ಯಾವ ಅಂಗಡಿಗೆ ಹೋಗಿದೆಯೆಂಬ ಪಟ್ಟಿ ತೆಗೆಯಿರಿ. ಮಾಲು ವಾಪಸ್ ಕರೆಸಬೇಕಾದ ದಿನ ಬೇಕಾಗುವುದು ಈ ಎರಡನೆಯ ಪಟ್ಟಿ.